ಜವರಮ್ಮನ ತೆಪ್ಪ ಬೋರೆ ದಾಟಿದ್ದು

ಜವರಮ್ಮ ಹೊಳೆ ಕಡೆಯ ಹೆಂಗಸು. ತಲಕಾಡಿನ ಹತ್ತಿರ ಕಾವೇರಿ ದಂಡೆಯಲ್ಲಿ ಅವಳಪ್ಪ ತೆಪ್ಪ, ಅಂದರೆ ಬುಟ್ಟಿಯಂಥ ಹರಿಗೋಲು, ಹಾಕಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಿದ್ದ. ನಡೆಯುವುದಕ್ಕಿಂತ ಮೊದಲು ಹುಟ್ಟು ಹಾಕುವುದು ಕಲಿತೆ ಎಂದು ಹೇಳಿಕೊಳ್ಳುತ್ತಾಳೆ. ಅದನ್ನು ಪೂರ್ತಿ ನಂಬಬೇಕಾಗಿಲ್ಲ. ಅಲ್ಲಿಂದ ಮದುವೆಯಾಗಿ ಬಂದದ್ದು ಹದಿನಾರು ಎಂಬ ಊರಿನಿಂದ ಆಚೆಗಿರುವ ನಮ್ಮೂರಿಗೆ. ನಮ್ಮಲ್ಲಿ ಹೊಳೆ ಇಲ್ಲ, ಎರಡು ಕೆರೆ ಇವೆ. ಬಂದ ಹೊಸದರಲ್ಲಿ ಕೆರೆ ನೋಡಿ, "ಇದೇನು ನೀರಾ, ಎಮ್ಮೆ ಕುಡ್ದು ಬುಟ್ಟಿರೋ ಬಾನಿಯಾ?" ಎಂದಿದ್ದಳಂತೆ. ಅದಕ್ಕೆ ಅವಳತ್ತೆ ಬಹಳ ದಿನ ಮುಖ ಕೊಟ್ಟು ಮಾತಾಡಿಸಲಿಲ್ಲವಂತೆ.

ನಾನು ಅವಳ ಪಕ್ಕದ ಮನೆಯವನು. ಹೆಸರು ಮಹೇಂದ್ರ, ಗಾರೆ ಕೆಲಸ ನನ್ನದು. ಅಕ್ಕ ಎನ್ನುತ್ತೇನೆ, ಸಂಬಂಧದಲ್ಲಿ ಏನೂ ಅಲ್ಲ. ಅವಳ ಗಂಡ ಕಪಿನಯ್ಯ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವನು ಆಡದ ಮಾತನ್ನೆಲ್ಲ ಸೇರಿಸಿ ಇವಳೇ ಆಡುತ್ತಿದ್ದಳು. ಕಾಮಾಲೆ ಹಿಡಿದು ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಇವಳು, ಮಗಳು ಶೃತಿ, ಒಂದು ತೆಪ್ಪ.

ತೆಪ್ಪದ ವಿಷಯಕ್ಕೆ ನಮ್ಮಲ್ಲೊಂದು ಕಟ್ಟಳೆ ಇದೆ. ಅದನ್ನು ಹೇಳದೆ ಮುಂದೆ ಹೋದರೆ ಏನೂ ತಿಳಿಯುವುದಿಲ್ಲ. ಊರ ಪಕ್ಕದ ದೊಡ್ಡಕೆರೆಯಲ್ಲಿ ಯಾರು ಬೇಕಾದರೂ ಸಾರಿಗಷ್ಟು ಮೀನು ಹಿಡಿದುಕೊಳ್ಳಬಹುದು. ಬೋರೆಯ, ಅಂದರೆ ಕಲ್ಲುಗುಡ್ಡದ, ಆಚೆಗಿರುವ ಹಿಂದಲ ಕೆರೆ ಹಾಗಲ್ಲ. ಅಲ್ಲಿ ಮೀನು ಬಿಟ್ಟು ಸಾಕುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ವರ್ಷಕ್ಕೊಂದು ಸಲ ದೊಡ್ಡ ಬಲೆ ಬೀಳುತ್ತದೆ. ಆಗ ಪಾಲು ಹೋಗುವುದು ಮನುಷ್ಯನಿಗಲ್ಲ, ತೆಪ್ಪಕ್ಕೆ. ಗಂಗಮ್ಮನಿಗೆ ಕಾಯಿ ಒಡೆಯುವ ಹೊತ್ತಿಗೆ ಯಾವ ತೆಪ್ಪದ ತಳ ನೀರು ಮುಟ್ಟಿರುತ್ತದೋ ಅದಕ್ಕೆ ಪಾಲು. ಕಾಯಿ ಒಡೆದ ಮೇಲೆ ಬಂದ ತೆಪ್ಪ ದಡದಲ್ಲೇ. ಜಾಗ ಇಂತಿಷ್ಟೇ ತೆಪ್ಪಕ್ಕೆ. ಒಂದು ವರ್ಷ ತಪ್ಪಿದರೆ ಮಾಫಿ. ಎರಡನೆಯ ವರ್ಷವೂ ತಪ್ಪಿತೋ, ಆ ತೆಪ್ಪದ ಜಾಗ ಹೋಯಿತು. ಕಾಯುತ್ತಿರುವ ಇನ್ನೊಬ್ಬರ ತೆಪ್ಪ ಬರುತ್ತದೆ.

ಕಪಿನಯ್ಯ ಸತ್ತ ವರ್ಷ, ಹೆಂಗಸಿಗೆ ಯಾವ ಜಾಗ ಎಂದು ಕೆಲವರು ಮಾತು ತೆಗೆದರು. ಜವರಮ್ಮ ಸೀದಾ ಗೋವಿಂದಯ್ಯನ ಮುಂದೆ ಹೋಗಿ ನಿಂತಳು. ಗೋವಿಂದಯ್ಯ ಎಂದರೆ ಕೆರೆಯ ಹಿರಿಯ, ಪ್ರತಿ ವರ್ಷ ಕಾಯಿ ಒಡೆಯುವವನು.

"ಪಾಲು ಮನ್ಸುಂಗಲ್ಲ, ತೆಪ್ಪುಕ್ಕೆ ಅಂತ ತಾನೆ ನೀವೆಲ್ಲ ಯೋಳೋದು? ನನ್ ತೆಪ್ಪ ಗಂಡ್ಸಾ ಎಂಗ್ಸಾ ನೀವೇ ಮಗುಚಾಕಿ ನೋಡ್ಬುಟ್ಟು ಯೋಳಿ."

ಗೋವಿಂದಯ್ಯನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಜಾಗ ಅವಳದಾಯಿತು.

ಹಾಗೆ ಕಟ್ಟಳೆಯಿಂದ ಜಾಗ ಪಡೆದವಳು, ಆಮೇಲೆ ಕಟ್ಟಳೆಗೇ ಕಾವಲು ಕೂತಳು. ಯಾರು ಸ್ವಲ್ಪ ತಡಮಾಡಿ ಬಂದರೂ ಮೊದಲು ಕೂಗುತ್ತಿದ್ದವಳು ಅವಳು. ಹಿಂದೊಮ್ಮೆ, ತೆಪ್ಪದವರಲ್ಲೇ ಒಬ್ಬನಾದ ನಂಜೇಶನ ಬಾಮೈದ ಖಾಲಿ ಬಿದ್ದ ಜಾಗಕ್ಕೆ ಹೊಸ ತೆಪ್ಪ ಮಾಡಿಸಿಕೊಂಡು ಬಂದಾಗ ಒಡೆದ ಕಾಯಿಯ ನೀರು ಇನ್ನೂ ಕಲ್ಲಿನ ಮೇಲೆ ಹರಿಯುತ್ತಿತ್ತು. "ಬುಟ್ಬುಡಿ, ಪಾಪ" ಎಂದರು ಎಲ್ಲರೂ. ಜವರಮ್ಮ ಒಪ್ಪಲಿಲ್ಲ. "ಕಾಯಿ ಒಡುದ್ ಮ್ಯಾಕೆ ಮುಗೀತು. ಏರ್ಸು ದಡುಕ್ಕೆ." ಆ ಹುಡುಗ ತೆಪ್ಪ ಹೊತ್ತುಕೊಂಡು ಹಿಂದಿರುಗಿದ, ಜಾಗ ಬೇರೆಯವರ ಪಾಲಾಯಿತು. ಅವತ್ತಿನಿಂದ ನಂಜೇಶ ಅವಳೊಡನೆ ಮಾತು ಬಿಟ್ಟ. ಬಾಮೈದ ಇನ್ನೂ ಕಾಯುತ್ತಿದ್ದ, ಯಾರ ಜಾಗವಾದರೂ ಖಾಲಿಯಾಗಲಿ ಎಂದು.

ಹೋದ ವರ್ಷ ಬಲೆ ಬಿಡುವ ದಿನವೇ ಶೃತಿಗೆ ಹೆರಿಗೆ ನೋವು ಬಂತು. ಜವರಮ್ಮ ನಂಜನಗೂಡಿನ ಆಸ್ಪತ್ರೆಯಲ್ಲಿದ್ದಳು. ಇಲ್ಲಿ ಅವಳ ತೆಪ್ಪ ಇರಲಿಲ್ಲ. ಹಾಗಾಗಿ ಈ ವರ್ಷ ತಪ್ಪುವ ಹಾಗೇ ಇರಲಿಲ್ಲ.

ತಪ್ಪಬಾರದು ಎಂದು ಹೊರಟಾಗಲೇ ಎಲ್ಲ ತಪ್ಪುವುದು. ಶುಕ್ರವಾರ ಪೂಜೆ, ರಾಹುಕಾಲ ಕಳೆದು ಹನ್ನೆರಡರ ಮೇಲೆ. ಬೇರೆಯವರೆಲ್ಲ ಮೊದಲೇ ಟೆಂಪೋದಲ್ಲಿ ತೆಪ್ಪ ಸಾಗಿಸಿಬಿಟ್ಟಿದ್ದರು. ಜವರಮ್ಮ ತನ್ನದಕ್ಕೆ ನೀರು ತುಂಬಿಸಿ ನೋಡಿದರೆ ತಳದಲ್ಲಿ ಜಿನುಗುತ್ತಿದೆ. ಬಿದಿರ ಹೆಣಿಗೆಗೆ ಗೊಬ್ಬರದ ಚೀಲ ಹೊಲಿದು ಟಾರು ಬಳಿದ ತೆಪ್ಪ ಅದು. ಬಿಸಿಲಿಗೆ ಟಾರು ಬಿರುಕು ಬಿಟ್ಟಿತ್ತು. ಗುರುವಾರ ಟಾರು ಕಾಯಿಸಿ ಬಳಿದು, ಮೇಲೆ ಒಲೆ ಬೂದಿ ಎರಚಿದಳು. ಟಾರು ಗಟ್ಟಿಯಾಗಲು ವಾರವಾದರೂ ಬೇಕು. ಅವಳಿಗೆ ಸಿಕ್ಕಿದ್ದು ಒಂದು ರಾತ್ರಿ.

ಬೆಳಿಗ್ಗೆ ಬರುತ್ತೇನೆಂದಿದ್ದ ಟೆಂಪೋ ಗುರು ಹತ್ತು ಗಂಟೆ ದಾಟಿಸಿ ಬಂದ. ನನ್ನನ್ನು ಜವರಮ್ಮ ಎತ್ತಿ ಇಳಿಸಲು ಕರೆದಿದ್ದಳು. ಎತ್ತಿದೆ, ಹಿಂದೆ ನಿಂತೆ, ಹೊರಟೆವು. ನಾಲೆ ಏರಿಯ ಮೇಲೆ ಹೋಗಿ ಬೋರೆಯನ್ನು ಸುತ್ತಿಕೊಂಡರೆ ಹಿಂದಲ ಕೆರೆ. ಅರ್ಧ ದಾರಿಯಲ್ಲಿ ಟೆಂಪೋ ದಾಟಬೇಕಿದ್ದ ಮೋರಿಯೇ ಇಲ್ಲ. ಪೈಪು ಹಾಕಲು ಯಾರೋ ಜೆಸಿಬಿ ತಂದು ಅಗೆದು, ಅಗೆದದ್ದನ್ನು ಹಾಗೇ ಬಿಟ್ಟು ಹೋಗಿದ್ದಾರೆ. ಒಂದು ಕಲ್ಲಿಲ್ಲ, ಒಂದು ಕೆಂಪು ಬಟ್ಟೆ ಕಟ್ಟಿಲ್ಲ. ನಾನು ಅಲ್ಲಿ ನಿಂತು ಬೈದದ್ದನ್ನು ಬರೆದರೆ ಹೆಂಗಸರು ಮಕ್ಕಳು ಓದುವ ಹಾಗಿರುವುದಿಲ್ಲ.

"ಅಣ್ಣೋ, ಬೈಕಂಡ್ ನಿಂತ್ರೆ ಮೋರಿ ಎದ್ಬತ್ತದಾ?" ಎಂದ ಗುರು. "ನನ್ಗೆ ಉಲ್ಲಳ್ಳಿ ಸಂತೆಗೆ ಓಗ್ಬೇಕು. ಇಳಿಸ್ಕಳಿ."

"ಒತ್ತಿಗ್ ಸರ್ಯಾಗ್ ಬಂದಿದ್ರೆ ಆಗ್ತಿತ್ತಲ್ಲೋ, ಬೇಕೂಫ!" ಎಂದೆ.

"ಬುಡ್ಲಾ ಮಯೇಂದ್ರ," ಎಂದಳು ಜವರಮ್ಮ. "ಇವನ್ ಕತ್ತು ಇಸುಕುದ್ರೂ ಆಚೆಕ್ ಓಗಲ್ಲ. ಬೋರೆ ಮ್ಯಾಲೆ ಒತ್ಕ ಓಗವ."

ನಾನು ಬೋರೆಯನ್ನು ನೋಡಿದೆ. ಬರೀ ಕಲ್ಲು. ಮೇಕೆಯವರು ತುಳಿದ ಒಂದು ಕಾಲುದಾರಿ. ಅಲ್ಲಲ್ಲಿ ಕಳ್ಳಿ, ಮುಳ್ಳು. ನೆರಳು ಎಂಬ ಮಾತಿಲ್ಲ. ಬರಿಗೈಯಲ್ಲಿ ಹತ್ತಿದರೂ ಏದುಸಿರು ಬರುವ ದಾರಿ.

"ಅಕ್ಕ, ತಲೆ ನೆಟ್ಗದಾ?"

"ತಲೆ ಯೆಂಗಿದ್ರೇನ್ಲಾ, ಸಿಂಬಿ ನೆಟ್ಗಿದ್ರೆ ಸಾಕು," ಎಂದು ಸೆರಗು ಸುತ್ತಿ ಸಿಂಬಿ ಮಾಡಿಕೊಂಡಳು. ನನ್ನ ಟವೆಲನ್ನು ನಾನೂ ಸುತ್ತಿಕೊಂಡೆ.

ತೆಪ್ಪವನ್ನು ಬೋರಲು ಮಾಡಿ ಇಬ್ಬರೂ ಒಳಗೆ ನುಗ್ಗಿ ತಲೆ ಕೊಟ್ಟೆವು. ಮುಂದೆ ಅವಳು, ಹಿಂದೆ ನಾನು. ತೆಪ್ಪ ಹೊತ್ತವನಿಗೆ ಆಕಾಶ ಕಾಣುವುದಿಲ್ಲ, ದಾರಿಯೂ ಕಾಣುವುದಿಲ್ಲ. ಕಾಣುವುದು ಮುಂದಿನವರ ಹಿಮ್ಮಡಿ. ಜವರಮ್ಮನ ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು. ಅದು ಎಲ್ಲಿ ಊರುತ್ತದೋ ಅಲ್ಲಿ ನನ್ನ ಕಾಲಿಟ್ಟೆ. ಒಳಗೆ ಟಾರಿನ ವಾಸನೆ, ಬೇಯುವ ಧಗೆ. ಮಾತಾಡಿದರೆ ಮಡಕೆಯೊಳಗೆ ಮಾತಾಡಿದ ಹಾಗೆ ಮೊಳಗುತ್ತಿತ್ತು. ಆದರೂ ಅವಳು ಮಾತು ನಿಲ್ಲಿಸಲಿಲ್ಲ.

"ನಮ್ಮಪ್ಪ ಒಬ್ನೇ ಒರ್ತಿದ್ದ ಕಣ್ಲಾ. ಬೆನ್ ಮ್ಯಾಲೆ ಆಮೆ ಅಂಗೆ."

"ನಿಮ್ಮಪ್ಪ ಮರಳ್ ಮ್ಯಾಲೆ ಒರ್ತಿದ್ದ. ಇಲ್ಲಿ ಒರ್ಲಿ ನೋಡವ."

"ಅವ್ನ್ ಇಲ್ಲಿಗ್ ಬರ್ಬೇಕಾದ್ರೆ ಸ್ವರ್ಗದಿಂದ ಇಳೀಬೇಕು. ಅಲ್ಗೂ ಟೆಂಪೋ ಇಲ್ಲ."

ಆ ಮಾತಿಗೆ ನಗು ಬಂದು ಕಾಲು ಜಾರಿತು. ಮೊಣಕಾಲು ಕಲ್ಲಿಗೆ ಬಡಿಯಿತು. ಅಮ್ಮಾ ಎಂದೆ, ಆಮೇಲೆ ಇನ್ನೇನೋ ಎಂದೆ. ಅವಳು ನಿಂತು ಕಾದಳು. ಏಳುವಾಗ ಅವಳ ಉಸಿರು ಕೇಳಿಸಿತು. ನನಗಿಂತ ಹೆಚ್ಚು ಏದುತ್ತಿದ್ದಳು. ಮಾತಾಡಿ ಅದನ್ನು ಮುಚ್ಚುತ್ತಿದ್ದಳು ಅಷ್ಟೆ. ಗಂಗಮ್ಮನ ಪೂಜೆಯ ತನಕ ಏನೂ ತಿನ್ನುವ ಹಾಗಿಲ್ಲ ಎಂದು ಬೆಳಿಗ್ಗೆಯಿಂದ ಅವಳ ಹೊಟ್ಟೆಗೂ ಏನೂ ಇಲ್ಲ.

ಆಮೇಲೆ ಮಾತು ನಿಂತಿತು. ಒಂದು ಕಲ್ಲು ಹತ್ತು, ಒಂದು ಕಲ್ಲು ಇಳಿ. ಬಿಸಿಲಿಗೆ ಟಾರು ಕರಗಿ ಅಂಚಿನಿಂದ ಎಳೆಯಾಗಿ ಇಳಿಯತೊಡಗಿತು. ನನ್ನ ಹೆಗಲ ಮೇಲೆ ಬಿತ್ತು, ಸುಟ್ಟಿತು. ಒರೆಸಲು ಕೈ ಬಿಡುವ ಹಾಗಿಲ್ಲ. ಕತ್ತು ಎದೆಯೊಳಕ್ಕೆ ಇಳಿದುಹೋಯಿತೇನೋ ಅನ್ನಿಸಿತು. ಬೋರೆಯ ನೆತ್ತಿಗೆ ಬಂದಾಗ ಅಲ್ಲೊಂದು ದೊಡ್ಡ ಹಾಸುಬಂಡೆ, ಮನೆ ಅಂಗಳದಷ್ಟು ಅಗಲ.

"ಇಳ್ಸವ," ಎಂದಳು ಜವರಮ್ಮ. ಅವಳಾಗಿ ಕೇಳಿದಳು ಎಂದರೆ ಆಗಲಿಲ್ಲ ಎಂದೇ ಅರ್ಥ.

ಬೋರಲಾಗಿದ್ದ ತೆಪ್ಪವನ್ನು ನಾನು ಹಾಗೇ ಬೋರಲು ಇಡಲು ಹೋದೆ. ಅವಳು ಕಿರುಚಿದಳು.

"ಏಯ್! ಬೋರ್ಲು ಆಕ್ಬೇಡ! ಪೂಜೆಗ್ ಒಂಟಿರೋ ತೆಪ್ಪ!"

ಇದೂ ಒಂದು ಕಟ್ಟಳೆ. ಪೂಜೆಗೆ ಹೊರಟ ತೆಪ್ಪವನ್ನು ನೀರು ಮುಟ್ಟುವ ತನಕ ನೆಲದ ಮೇಲೆ ಬೋರಲು ಹಾಕಬಾರದು. ತೆಪ್ಪದವನು ಸತ್ತಾಗ ಮಾತ್ರ ಹಾಗೆ ಹಾಕುತ್ತಾರೆ. ಕಪಿನಯ್ಯ ಸತ್ತಾಗ ಈ ತೆಪ್ಪ ತಿಥಿಯ ತನಕ ಬಾಗಿಲ ಮುಂದೆ ಬೋರಲಾಗಿ ಬಿದ್ದಿತ್ತು.

"ಇಷ್ಟ್ ದೂರ ತಲೆ ಮ್ಯಾಲೆ ಬೋರ್ಲಾಗೇ ಬಂತಲ್ಲಕ್ಕ, ಅದ್ಕೆ ಏನೂ ಆಗ್ನಿಲ್ವಾ?"

"ತಲೆ ಮ್ಯಾಲಿದ್ರೆ ಅದು ಛತ್ರಿ ಕಣ್ಲಾ. ನೆಲದ್ ಮ್ಯಾಲಾದ್ರೆ ಸಾವು. ತಿರುಗ್ಸು."

ತಿರುಗಿಸಿದೆವು. ತಳ ಕೆಳಗೆ, ಬಾಯಿ ಮೇಲೆ. ಹೊಸ ಟಾರು ಬಳಿದ ತಳವನ್ನು ನಡು ಹಗಲಿನ ಬಂಡೆಯ ಮೇಲೆ ಇಟ್ಟೆವು. ದೋಸೆ ಹೆಂಚಿನ ಮೇಲೆ ಇಟ್ಟ ಹಾಗೆ. ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಇಬ್ಬರೂ ತೆಪ್ಪದ ಅಂಚಿಗೆ ಒರಗಿ ಕೂತೆವು. ಅವಳು ಕಣ್ಣು ಮುಚ್ಚಿದಳು. ಅಷ್ಟು ಸುಮ್ಮನೆ ಅವಳು ಕೂತದ್ದನ್ನು ನಾನು ನೋಡಿರಲಿಲ್ಲ. ಕೆಳಗೆ ಹಿಂದಲ ಕೆರೆ ಕಾಣುತ್ತಿತ್ತು, ದಡದಲ್ಲಿ ತೆಪ್ಪಗಳು ಸಾಲಾಗಿ ನೀರಿನಲ್ಲಿದ್ದವು, ಮುತ್ತುಗದ ಎಲೆ ತೇಲಿಬಿಟ್ಟ ಹಾಗೆ. ಜನ ಇನ್ನೂ ಅಲ್ಲಲ್ಲಿ ಕೂತಿದ್ದರು.

"ಇನ್ನೂ ಸುರು ಆಗಿಲ್ಲ," ಎಂದೆ.

"ಏಳು," ಎಂದಳು.

ಎತ್ತಿದರೆ ತೆಪ್ಪ ಏಳಲಿಲ್ಲ.

ಮೊದಲು ನನ್ನ ಕೈಯಲ್ಲಿ ಬಲವಿಲ್ಲ ಎಂದುಕೊಂಡೆ. ಇನ್ನೊಮ್ಮೆ ಎತ್ತಿದೆ. ಅಂಚು ಎದ್ದಿತು, ತಳ ಏಳಲಿಲ್ಲ. ಬಗ್ಗಿ ನೋಡಿದರೆ ಟಾರು ಬಂಡೆಗೆ ಕಚ್ಚಿಕೊಂಡು ಎಳೆ ಎಳೆಯಾಗಿ ಜಗ್ಗುತ್ತಿದೆ. ನನ್ನ ಪಿತ್ತ ನೆತ್ತಿಗೇರಿತು. "ನಿನ್ ಬೋರ್ಲು, ನಿನ್ ಕಟ್ಳೆ!" ಎಂದು ಕೂಗಿದೆ. ನಾನು ಮತ್ತೆ ಕೈ ಹಾಕಲು ಹೋದರೆ, "ಕೀಳ್ಬೇಡ, ಚೀಲ ಅರ್ದೋಯ್ತದೆ. ತಣ್ಗಾದ್ರೆ ತಾನೇ ಬುಡ್ತದೆ," ಎಂದಳು.

ತಣ್ಣಗೆ ಮಾಡಲು ಏನಿದೆ? ಕುಡಿಯಲು ತಂದಿದ್ದ ನೀರಿನ ಬಾಟಲಿ ಇತ್ತು. ನನಗೆ ಒಂದು ಗುಟುಕು ಕೊಟ್ಟಳು, ತಾನು ಕುಡಿಯಲಿಲ್ಲ. ಉಳಿದದ್ದನ್ನು ತಳದ ಸುತ್ತ ಸುರಿದಳು. ಬಂಡೆ ಅದನ್ನು ಹೀರಿ ಮತ್ತೆ ಬಿಸಿಯಾಯಿತು. ಆಮೇಲೆ ಇಬ್ಬರೂ ಬಿಸಿಲಿಗೆ ಅಡ್ಡ ನಿಂತು ತೆಪ್ಪಕ್ಕೆ ನೆರಳು ಮಾಡಿದೆವು. ಅವಳು ಸೆರಗು ಅಗಲಿಸಿ ಹಿಡಿದಳು, ನಾನು ಟವೆಲು. ಆ ಹೊತ್ತಿನಲ್ಲಿ ಮನುಷ್ಯನ ನೆರಳು ಅವನ ಪಾದಕ್ಕೇ ಸಾಲುವುದಿಲ್ಲ. ಯಾರಾದರೂ ದೂರದಿಂದ ನೋಡಿದ್ದರೆ ಇವರಿಗೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಒಂದು ಕಡೆ ಬಿಟ್ಟಿತು. ಇನ್ನೊಂದು ಕಡೆ ಸ್ವಲ್ಪ ಬಿಟ್ಟಿತು. ನಡುವೆ ಬಿಡಲಿಲ್ಲ.

ಆಗ ಕೆಳಗಿನಿಂದ ಜಾಗಟೆಯ ಸದ್ದು ಬಂತು.

ಜವರಮ್ಮ ನನ್ನ ಮುಖ ನೋಡಲಿಲ್ಲ. ಸೆರಗು ಬಿಟ್ಟಳು. ಎರಡು ಕೈಯಲ್ಲಿ ಅಂಚು ಹಿಡಿದು, ಕಾಲನ್ನು ಬಂಡೆಗೆ ಒದ್ದುಕೊಂಡು ಜಗ್ಗಿದಳು. ಪರ್ ಎಂದು ಸದ್ದಾಯಿತು. ತೆಪ್ಪ ಎದ್ದಿತು. ಬಂಡೆಯ ಮೇಲೆ ಎರಡು ಅಂಗೈ ಅಗಲದ ಚೀಲದ ಚೂರು ಉಳಿಯಿತು. ತಳದ ಬಿದಿರು ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು.

"ಎತ್ತು," ಎಂದಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಭಾರವೆಲ್ಲ ಮುಂದಿನವರ ಮೇಲೆ ಬರುತ್ತದೆ, ಮುಂದೆ ಅವಳಿದ್ದಳು. ನಾನು ಮುಂದೆ ಬರುತ್ತೇನೆಂದೆ, ನಿಲ್ಲಲು ಹೊತ್ತಿಲ್ಲ ಎಂದಳು. ಈಗ ತೆಪ್ಪದ ತೂತಿನಿಂದ ಒಂದು ತುಂಡು ಬಿಸಿಲು ಒಳಗೆ ಬೀಳುತ್ತಿತ್ತು, ಅವಳ ಕತ್ತಿನ ಮೇಲೆ. ಕತ್ತಿನ ನರ ಎದ್ದು ನಿಂತಿದ್ದವು. "ನಿಲ್ಸ್ರೋ! ಬತ್ತಾ ಇವ್ನಿ!" ಎಂದು ಅವಳು ಕೂಗಿದಳು. ಕೂಗು ತೆಪ್ಪದೊಳಗೇ ಸುತ್ತಿ ನಮ್ಮ ಕಿವಿಗೇ ಬಿತ್ತು. ನಾನೂ ಕೂಗಿದೆ. ಯಾರಿಗೆ ಕೇಳಿಸಬೇಕು? ಜಾಗಟೆ ಜೋರಾಯಿತು. ಜೋರಾಗಿ, ನಿಂತಿತು. ನಾವಿನ್ನೂ ಕೊನೆಯ ಕಲ್ಲುಗಳ ನಡುವೆ ಇದ್ದೆವು.

ದಡಕ್ಕೆ ಬಂದಾಗ ಕರ್ಪೂರ ಆರಿತ್ತು. ಪೂಜೆಯ ಕಲ್ಲಿನ ಮೇಲೆ ಕಾಯಿಯ ಎರಡು ಹೋಳು ಅಂಗಾತ ಬಿದ್ದಿದ್ದವು. ತೆಪ್ಪದವರೆಲ್ಲ ತಮ್ಮ ತಮ್ಮ ತೆಪ್ಪದ ಹತ್ತಿರ ನಿಂತಿದ್ದರು. ನಾವು ತೆಪ್ಪವನ್ನು ತಲೆಯಿಂದ ಇಳಿಸಿ ನೆಲಕ್ಕೆ ಮುಟ್ಟಿಸದೆ ಕೈಯಲ್ಲೇ ಹಿಡಿದುಕೊಂಡು ನಿಂತೆವು. ಜವರಮ್ಮ ಕಾಯಿ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ನಾನು ಮಾತಾಡಿದೆ. ಮೋರಿ ಅಗೆದದ್ದು, ಟೆಂಪೋ ಬಿಟ್ಟು ಹೋದದ್ದು, ಬಂಡೆ, ಟಾರು, ಎಲ್ಲವನ್ನೂ ಒಂದೇ ಉಸಿರಿಗೆ ಕಿರುಚಿದೆ. "ಇದೇನ್ ಮನ್ಸತ್ವನಾ?" ಎಂದೆ.

"ಸುಮ್ಕಿರ್ಲಾ," ಎಂದಳು ಜವರಮ್ಮ. ಸ್ವರವೇ ಇರಲಿಲ್ಲ. "ಕಾಯಿ ಒಡುದಾಗದೆ."

ಗೋವಿಂದಯ್ಯ ಬಗ್ಗಿ ಕಾಯಿಯ ಒಂದು ಹೋಳು ಎತ್ತಿಕೊಂಡ. ಮುದುಕನಿಗೆ ಬೆನ್ನು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು. ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದ.

"ಥೂ. ಕೊಳ್ತೋಗದೆ. ನನ್ ಕಣ್ಗೆ ಆಗ್ಲೆ ಕಾಣ್ನಿಲ್ಲ. ಇನ್ನೊಂದ್ ಕಾಯ್ ತನ್ನಿ. ಕೊಳ್ತ ಕಾಯ್ನ ಗಂಗಮ್ಮ ಒಪ್ಕಳಲ್ಲ."

ಕೊಳೆತ ಕಾಯಿ ಒಡೆದರೆ ಅದು ಲೆಕ್ಕವಿಲ್ಲ, ಇನ್ನೊಂದು ಒಡೆಯಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಅವನ ಕೈಯಲ್ಲಿದ್ದ ಹೋಳು ಹಾಲಿನಷ್ಟು ಬೆಳ್ಳಗಿತ್ತು. ನಾನು ನಿಂತಲ್ಲಿಂದಲೇ ಕಾಣುತ್ತಿತ್ತು.

ನಂಜೇಶ ಮುಂದೆ ಬಂದ. ಅವನ ಬಾಮೈದ ಹಿಂದೆ ನಿಂತಿದ್ದ, ತೆಪ್ಪದ ಜೊತೆಗೇ ಬಂದಿದ್ದ. ನಂಜೇಶ ಕೆಳಗಿದ್ದ ಇನ್ನೊಂದು ಹೋಳನ್ನು ಎತ್ತಿ ನೋಡಿದ. ತಿರುಗಿಸಿ ನೋಡಿದ. ನನ್ನ ಕೈ ಮುಷ್ಟಿಯಾಯಿತು. ಅವನು ಬಾಯಿ ತೆರೆದರೆ ಹೊಡೆಯುವುದೇ ಎಂದು ನಿಂತೆ. ಅವನು ಜವರಮ್ಮನ ಕಡೆ ನೋಡಿದ. ಅವಳ ಹೆಗಲಿನಿಂದ ಮೊಣಕೈ ತನಕ ಟಾರು ಮೆತ್ತಿಕೊಂಡಿತ್ತು, ಅದರ ನಡುವೆ ರಕ್ತ.

"ಊಂ," ಎಂದ ನಂಜೇಶ. "ನಾರ್ತದೆ." ಆ ಹೋಳನ್ನು ಬೀಸಿ ನೀರಿಗೆ ಎಸೆದ, ದೂರಕ್ಕೆ. ಆಮೇಲೆ ಗೋವಿಂದಯ್ಯನ ಕೈಯಲ್ಲಿದ್ದದ್ದನ್ನೂ ಇಸಿದುಕೊಂಡು ಎಸೆದ.

"ಭಾವ!" ಎಂದ ಬಾಮೈದ.

"ಮುಚ್ಕಂಡ್ ನಿಂತ್ಕಳ್ಲಾ. ಕೊಳ್ತಿತ್ತು ಅಂದ್ರೆ ಕೊಳ್ತಿತ್ತು."

ಇನ್ನು ಜವರಮ್ಮನದೇ ಮಾತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬೇರೆ ಯಾರಿಗಾದರೂ ಹೀಗೆ ಮಾಡಿದ್ದರೆ ಮೊದಲು ಕೂಗುತ್ತಿದ್ದವಳು ಅವಳೇ. ಕಾಯಿಯ ಬಣ್ಣ ಅವಳಿಗೆ ಕಂಡಿಲ್ಲ ಎಂದು ಯಾರೂ ಹೇಳಲಾರರು, ಅವಳ ಕಣ್ಣು ಹದ್ದಿನ ಕಣ್ಣು. ಅವಳು ಬಾಮೈದನ ಕಡೆ ಒಂದು ಸಲ ನೋಡಿದಳು. ಆ ಹುಡುಗ ತಲೆ ತಗ್ಗಿಸಿದ. ಅವಳ ತುಟಿ ಅಲುಗಿತು, ಏನೋ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ತೆಪ್ಪದ ಅಂಚನ್ನು ಗಟ್ಟಿಯಾಗಿ ಹಿಡಿದು, "ಇಡ್ಕಳ್ಲಾ," ಎಂದು ನೀರಿನ ಕಡೆ ನಡೆದಳು.

ಮೊಣಕಾಲ ಮಟ್ಟದ ನೀರಿನಲ್ಲಿ ತೆಪ್ಪ ಇಟ್ಟೆವು. ಇಟ್ಟ ಕೂಡಲೇ ತೂತಿನಿಂದ ನೀರು ಉಕ್ಕಿತು.

"ಜವ್ರಕ್ಕ, ಇದ್ ತೆಪ್ಪಾನಾ, ಅನ್ನ ಬಸಿಯೋ ಜಲ್ಡೆನಾ?" ಎಂದು ಯಾರೋ ಕೇಳಿದರು. ಜನ ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು. ಅವಳು ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ನನ್ನ ಟವೆಲನ್ನು ಕಿತ್ತುಕೊಂಡು ತೂತಿಗೆ ತುರುಕಿ, ಅದರ ಮೇಲೆ ತಾನೇ ಕೂತಳು. ನೀರು ಅವಳ ಸೊಂಟದ ತನಕ ಬಂದು ನಿಂತಿತು.

ಗೋವಿಂದಯ್ಯ ಎರಡನೆಯ ಕಾಯಿ ಒಡೆದ. ಜಾಗಟೆ ಮತ್ತೆ ಬಾರಿಸಿದರು. ಆಮೇಲೆ ಅವನು ಕಲ್ಲಿನ ಮೇಲೆ ನಿಂತು, ನೀರಿನಲ್ಲಿರುವ ತೆಪ್ಪಗಳನ್ನು ಒಂದೊಂದಾಗಿ ಕೂಗತೊಡಗಿದ. ಕೂಗಿದಾಗ ಅವರವರು "ಓ" ಎನ್ನಬೇಕು. ಒಬ್ಬೊಬ್ಬರೇ ಎಂದರು. ನಂಜೇಶ ಎಂದ.

"ಜವರಮ್ಮನ್ ತೆಪ್ಪ!"

ಅವಳು ಕೂತಲ್ಲಿಂದ ಏಳಲಿಲ್ಲ. ಎರಡು ಕೈಯಲ್ಲಿ ನೀರು ಮೊಗೆದು ಮುಖಕ್ಕೆ ಹಾಕಿಕೊಳ್ಳುತ್ತಿದ್ದಳು, ಇನ್ನೂ, ಇನ್ನೂ. ಅಳುತ್ತಿದ್ದಳೋ, ಬರೀ ಧಗೆ ತಡೆಯಲಾರದೆ ಹಾಗೆ ಮಾಡುತ್ತಿದ್ದಳೋ, ಹತ್ತಿರವೇ ನಿಂತಿದ್ದ ನನಗೂ ತಿಳಿಯಲಿಲ್ಲ. ನಾನು "ಓ" ಎಂದುಬಿಡೋಣ ಎಂದುಕೊಂಡೆ. ತೆಪ್ಪ ನನ್ನದಲ್ಲವಲ್ಲ, ಸುಮ್ಮನಾದೆ.

ಗೋವಿಂದಯ್ಯ ಕಾದ. ಬೇರೆಯವರಿಗೆ ಅಷ್ಟು ಕಾಯುವವನಲ್ಲ.

"ಜವರಮ್ಮನ್ ತೆಪ್ಪ ಅದಾ, ಇಲ್ವಾ?"

ಅವಳು ಮುಖ ಒರೆಸಿಕೊಂಡು ತಲೆ ಎತ್ತಿದಳು.

"ಅದೆ," ಎಂದಳು. "ಯಾತುಕ್ ಅಂಗ್ ಕಿರ್ಚೀಯೆ, ಇಲ್ಲೇ ಇವ್ನಲ್ಲ ನಾನು."